ಶಹಾಪುರದ ಗಲ್ಲಿಯೊಳಗ ರಹವಾಸಿಗಳಿಗೆ ಪಾರ್ಕಿಂಗ್ ಪರ್ಮಿಟ್ ಬೇಕು: ಯಾವ ನಿಯಮ ಕೇಳೂಣು?

ಶಹಾಪುರ_ಗಲ್ಲಿ
ಎಲ್ಲಾರಿಗೂ ನಮಸ್ಕಾರ. ನಮ್ಮ ಮನಿ ಬೆಳಗಾವಿಯ ಶಹಾಪುರ ಖಡೇಬಜಾರದ ಹಿಂದಿನ ಒಂದು ಗಲ್ಲಿಯೊಳಗ ಐತಿ. ಗಲ್ಲಿ ಹೆಸರು ಬರಿಯೂದಿಲ್ಲ, ಯಾಕಂದ್ರ ಬಜಾರಕ್ಕ ಹತ್ತಿದ ಎಲ್ಲಾ ಗಲ್ಲಿದೂ ಇದ ಹಾಡು. ಮುಂಜಾನಿ ಹತ್ತೂವರಿ ಆತಂದ್ರ ಸೀರಿ ತಗೊಳ್ಳಾಕ ಬಂದ ಮಂದಿ ಕಾರು ಒಂದರ ಹಿಂದ ಒಂದು ಒಳಗ ಬರ್ತಾವ. ಲಗ್ನದ ದಿವಸದಾಗಂತೂ ಗಡಹಿಂಗ್ಲಜ, ಚಂದಗಡ, ಕೊಲ್ಲಾಪುರ ಕಡಿಂದ ಇಡೀ ಮನಿತನಾನ ತುಂಬಕೊಂಡು ದೊಡ್ಡ ಗಾಡಿ ಬರ್ತಾವ. ಬಾಗಲಾ ಮುಂದ ನಿಲ್ಲಿಸಿ, ಕನ್ನಡಿ ಮಡಚಿ ಹೋದ್ರಂದ್ರ ಮೂರು ತಾಸು, ನಾಲ್ಕು ತಾಸು ಪತ್ತೆ ಇಲ್ಲ.

ನಮ್ಮ ಅಪ್ಪಾಗ ಡಯಾಲಿಸಿಸ್ ನಡದೈತಿ. ಮುಗಿಸಿಕೊಂಡು ಬರೂ ಹೊತ್ತಿಗೆ ಕಾಲಾಗ ಕಸುವ ಇರೂದಿಲ್ಲ. ಆಟೋದಾಂವ ಗಲ್ಲಿ ಮೂಲ್ಯಾಗ ಇಳಿಸಿ ಬಿಡ್ತಾನ, ಅವನ ತಪ್ಪೇನಿಲ್ಲ, ಒಳಗ ಬರಾಕ ಆಟೋಕ್ಕೂ ಜಾಗಾ ಇಲ್ಲ. ಅಲ್ಲಿಂದ ಮನಿತನಕ ಕಾರಿನ ನಡುವ ಅಪ್ಪನ್ನ ನಡಿಸಿಕೊಂಡು ಬರಬೇಕು. ಬಾಜೂಕ ನಿಂತು ತೋಳು ಹಿಡಿಯೂಣು ಅಂದ್ರ ಇಬ್ಬರು ಹಿಡಸೂದಿಲ್ಲ. ಹಿಂಗಾಗಿ ನಾ ಮುಂದ ಹಿಂದಹಿಂದಕ್ಕ ನಡಕೋತ ಬರ್ತೀನಿ, ಅವ್ವ ಹಿಂದಿಂದ ಸೊಂಟ ಹಿಡಕೊಂಡಿರ್ತಾಳ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಾಕ ಜೋಡಿಸಿದ ರಕ್ತನಾಳ) ಇರೂ ಕೈ ಯಾವುದರ ಕಾರಿನ ಕನ್ನಡಿಗೆ ಬಡದೀತು ಅಂತ ಆ ಕೈಗೆ ಟಾವೆಲ್ ಸುತ್ತಿರ್ತೀವಿ.

ಬ್ಯಾರೆ ಊರಾಗ ರಹವಾಸಿಗಳಿಗೆ ಪರ್ಮಿಟ್ ಕೊಡ್ತಾರಂತ ಕೇಳೀನಿ. ಆ ಗಲ್ಲಿಯವರ ಕಾರಿಗೆ ಸ್ಟಿಕ್ಕರ್, ಹೊರಗಿನವರಿಗೆ ಬಂದಿ. ನಾವು ಗಲ್ಲಿ ಮಂದಿ ಸಹಿ ಮಾಡಿ ಪಾಲಿಕೆಗೂ ಟ್ರಾಫಿಕ್ ಪೊಲೀಸರಿಗೂ ಅರ್ಜಿ ಕೊಡಬೇಕು ಅಂತ ಮಾಡೀವಿ. ಸುಮ್ಮನ "ಏನರ ಮಾಡ್ರಿ" ಅಂತ ಬರಿಯೂಕಿಂತ ಇಂಥಿಂಥಾ ನಿಯಮ ಬೇಕು ಅಂತ ಬರಿಯೂದು ಚಲೋ. ಏನೇನು ಕೇಳೂಣು? ತಿಳದವರು ಹೇಳ್ರಿ.

ಕಪಿಲೇಶ್ವರ_ಬ್ರಿಜ್
ಭಾಳ ಚಲೋ ವಿಚಾರ. ಸಹಿ ಹಾಕಾಕ ನಾನೂ ಬರ್ತೀನಿ.

ಸೀರಿ_ಅಂಗಡಿ
ಅಪ್ಪಾರ ಸುದ್ದಿ ಓದಿ ಭಾಳ ಕೆಟ್ಟ ಅನಿಸ್ತು ತಮ್ಮಾ. ಆದ್ರ ಒಂದು ಮಾತು ಕೇಳು. ಖಡೇಬಜಾರ ಇರೂದ ಹೊರಗಿನ ಗಿರಾಕಿ ಮ್ಯಾಲೆ. ಶಹಾಪುರ ಸೀರಿ ಅಂದ್ರ ಮಹಾರಾಷ್ಟ್ರದ ಹಳ್ಳಿ ಮಂದಿಗೂ ಗೊತ್ತು, ಅದಕ್ಕ ಬರ್ತಾರ. ಜವಳಿ ತಗೊಳ್ಳಾಕ ಬಂದವರ ಜೋಡಿ ಮುದುಕ್ಯಾರು ಇರ್ತಾರ, ಕೂಸುಗೋಳು ಇರ್ತಾವ. ಕಾರು ಒಂದು ಮೈಲ್ ದೂರ ನಿಲ್ಲಿಸಿ ಬರ್ರಿ ಅಂದ್ರ ಅವರು ಮುಂದಿನ ವರ್ಷ ಗಡಹಿಂಗ್ಲಜದಾಗ ತಗೋತಾರ. ನಮ್ಮಲ್ಲಿ ಕೆಲಸ ಮಾಡೂ ಹುಡುಗೂರು ನಿಮ್ಮ ಗಲ್ಲಿಯವರ. ಪೂರ್ತಿ ಬಂದಿ ಅಂದ್ರ ನಾನು ಒಪ್ಪೂದಿಲ್ಲ.

ಟಿಳಕವಾಡಿ_ವೈನಿ
ಅಂಗಡಿಯವರು ತಮ್ಮ ಗಾಡಿ ಎಲ್ಲಿ ನಿಲ್ಲಿಸ್ತಾರ ಅದನ್ನ ಮೊದಲ ಹೇಳ್ರಿ ಅಣ್ಣಾರ. ನಮ್ಮ ಓಣ್ಯಾಗ ಗಿರಾಕಿ ಕಾರು ಒಂದು ತಾಸಿಗೆ ಹೋಗ್ತಾವ. ಅಂಗಡಿ ಮಾಲಕರದು, ಅವರ ಕೆಲಸದವರದು ಮುಂಜಾನಿ ಬಂದದ್ದು ರಾತ್ರಿ ಒಂಬತ್ತಕ್ಕ ಹೋಗೂದು.

ಸೀರಿ_ಅಂಗಡಿ
ವೈನಿ, ನನ್ನದು ಸ್ಕೂಟರ್. ಎಲ್ಲಾರೂ ಹಂಗ ಅಲ್ಲ, ಅದನ್ನ ಒಪ್ತೀನಿ.

ಕೋರ್ಟ್_ಆವರಣ
ಕಾನೂನಿನ ಕಡೆಯಿಂದ ಒಂದಿಷ್ಟು ಹೇಳುತ್ತೇನೆ. ಅರ್ಜಿ ಬರೆಯುವಾಗ ಇದು ಗೊತ್ತಿದ್ದರೆ ಒಳ್ಳೆಯದು.

ಮೊದಲನೆಯದು, ಮನೆಯ ಮುಂದಿನ ರಸ್ತೆ ಮನೆಯವರದಲ್ಲ. ಅದು ಸಾರ್ವಜನಿಕ ರಸ್ತೆ, ಪಾಲಿಕೆಯ ಸ್ವಾಧೀನದಲ್ಲಿರುವುದು. ಟೈರು, ಕಲ್ಲು, ತುಳಸಿ ಕುಂಡ ಇಟ್ಟು ಜಾಗ ಕಾಯ್ದಿರಿಸುವ ಹಕ್ಕು ಯಾರಿಗೂ ಇಲ್ಲ. ಪರ್ಮಿಟ್ ಅಂದರೆ ಒಡೆತನ ಅಲ್ಲ, ನಿಲ್ಲಿಸಲು ಕೊಡುವ ಪರವಾನಗಿ ಅಷ್ಟೇ. ಅರ್ಜಿಯಲ್ಲಿ "ನಮ್ಮ ಮನೆ ಮುಂದಿನ ಜಾಗ ನಮಗೆ ಕೊಡಿ" ಅಂತ ಬರೆದರೆ ಮೊದಲ ಓದಿಗೇ ಬಿದ್ದುಹೋಗುತ್ತದೆ.

ಎರಡನೆಯದು, 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ, ಎಲ್ಲಿ ವಾಹನ ನಿಲ್ಲಿಸಬಹುದು ಅಂತ ಗೊತ್ತುಮಾಡಬಹುದು. ಆದ್ದರಿಂದ ಅರ್ಜಿ ಎರಡೂ ಕಡೆ ಕೊಡುವ ನಿಮ್ಮ ವಿಚಾರ ಸರಿ.

ಮೂರನೆಯದು, ಪರ್ಮಿಟ್ ಬರುವ ತನಕ ಕಾಯಬೇಕಿಲ್ಲ. ಮನೆ ಗೇಟಿಗೆ ಅಡ್ಡ ನಿಲ್ಲಿಸುವುದು 2017ರ ಡ್ರೈವಿಂಗ್ ರೆಗ್ಯುಲೇಶನ್ಸ್ ಪ್ರಕಾರ ಈಗಲೇ ತಪ್ಪು. ತೆಗೆಸಲು ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಇದೆ. ಪಾರ್ಕಿಂಗ್ ನಿಷೇಧ ಇರುವಲ್ಲಿ ನಿಂತ ವಾಹನ, ಅಥವಾ ಸಾರ್ವಜನಿಕ ಜಾಗದಲ್ಲಿ ಹತ್ತು ತಾಸಿಗಿಂತ ಹೆಚ್ಚು ಹೊತ್ತು ಹಾಗೇ ಬಿಟ್ಟುಹೋದ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ತೆಗೆಸಬಹುದು.

ಕೆಎ22_ಸವಾರ
ಹತ್ತು ತಾಸು ಅಂದ್ರ ರಾತ್ರಿ ಎಂಟಕ್ಕ ನಿಲ್ಲಿಸಿ ಮುಂಜಾನಿ ಏಳಕ್ಕ ತಗದ್ರ ನನ್ನ ಕಾರೂ ಅದರಾಗ ಬಂತಲ್ರಿ? ಊರಾಗಿನ ಅರ್ಧ ಕಾರು ಒಯ್ಯಬೇಕಾಗ್ತದ.

ಕೋರ್ಟ್_ಆವರಣ
"ತೆಗೆಸಬಹುದು" ಅಂತ ಇದೆ, "ತೆಗೆಸಲೇಬೇಕು" ಅಂತಲ್ಲ. ಆ ಕಲಂನ ಉದ್ದೇಶ ಬಿಟ್ಟುಹೋದ ಗಾಡಿ. ಧೂಳು ಹಿಡಿದು ಟೈರು ಇಳಿದು ನಿಂತಿರುವ ಕಾರುಗಳಿಗೆ ಅದನ್ನು ಬಳಸಿರಿ ಅಂತ ಕೇಳಿ.

ವಡಗಾವಿ_ನೇಕಾರ
ಇದು ಖರೇ ಮಾತು. ನಮ್ಮ ಓಣ್ಯಾಗ ಮಗ ದುಬೈದಾಗ, ಕಾರು ಇಲ್ಲಿ ಕವರ್ ಹೊದ್ದಕೊಂಡು ಮಲಗೇತಿ. ಮಗ್ಗದ ನೂಲಿನ ಗಂಟು ಇಳಿಸಾಕ ಟೆಂಪೋ ಬಂತಂದ್ರ ಆ ಕಾರಿನಿಂದಾಗಿ ಇಡೀ ಗಲ್ಲಿ ಬಂದ್. ಯಾರಿಗೆ ಹೇಳೂದು, ಮನ್ಯಾಗ ಎಂಬತ್ತು ವರ್ಷದ ಅಜ್ಜಿ ಒಬ್ಬಾಕಿ ಇರ್ತಾಳ, ಆಕಿಗೆ ಚಾವಿ ಎಲ್ಲಿ ಐತಿ ಅಂತನೂ ಗೊತ್ತಿಲ್ಲ. ಪರ್ಮಿಟ್ ಕೊಡೂದಾದ್ರ ತಿಂಗಳಾನುಗಟ್ಟಲೆ ಅಳ್ಳಾಡದ ಗಾಡಿಗೆ ಕೊಡಬಾರದು.

ಬೆಂಗಳೂರಾಗ_ಇರಾಂವ
ಬೆಂಗಳೂರಿನ ಪಾರ್ಕಿಂಗ್ ನೀತಿ 2.0 ಅಂತ ಒಂದು ಐತಿ, ನಗರ ಭೂಸಾರಿಗೆ ನಿರ್ದೇಶನಾಲಯ ತಯಾರು ಮಾಡಿದ್ದು, 2021ರಾಗ ಸರ್ಕಾರ ಒಪ್ಪಿತು. ಅದರಾಗ ರಹವಾಸಿ ಪರ್ಮಿಟ್ ಮಾತು ಸ್ಪಷ್ಟ ಐತಿ. ಸಣ್ಣ ಕಾರಿಗೆ ವರ್ಷಕ್ಕ 1,000 ರೂಪಾಯಿ, ಮಧ್ಯಮ ಕಾರಿಗೆ 3,000ದಿಂದ 4,000, ದೊಡ್ಡ ಎಸ್‌ಯುವಿಗೆ 5,000. ಮನಿ ಮುಂದ ಪುಕ್ಕಟೆ ನಿಲ್ಲಿಸೂ ಕಾಲ ಮುಗೀತು ಅಂತ ಆವಾಗ ದೊಡ್ಡ ಗದ್ದಲ ಆಗಿತ್ತು.

ನಮ್ಮ ಬೆಳಗಾವ್ಯಾಗೂ ಅದನ್ನ ತರ್ರಿ ಅಂದ್ರ ಆತು, ಹೊಸಾದು ಹುಡುಕೂದು ಯಾಕ?

ಟೇಪು_ಹಿಡದಾಂವ
ಅದು ಬೆಂಗಳೂರಿಗೆ ಮಾಡಿದ ನೀತಿ, ಇಲ್ಲಿಗೆ ತಾನಾಗೇ ಅನ್ವಯ ಆಗೂದಿಲ್ಲ. ನೀವು ಇರೂ ಕಡೆ ಸ್ಟಿಕ್ಕರ್ ಅಂಟಿಸಿದ ಕಾರು ನೋಡೀರೇನು?

ಬೆಂಗಳೂರಾಗ_ಇರಾಂವ
ನಾ ಇರೂ ಓಣ್ಯಾಗ ನೋಡಿಲ್ಲ. ಆದ್ರ ನೀತಿ ಕಾಗದದ ಮ್ಯಾಲೆ ಇದ್ರ ಅರ್ಜಿಗೆ ಒಂದು ಆಧಾರ ಆಗ್ತದ. ಅದರಾಗ ನನಗ ಹಿಡಿಸಿದ್ದು ಒಂದ: ಗಾಡಿ ದೊಡ್ಡದಾದಂಗ ರೊಕ್ಕ ಹೆಚ್ಚು.

ಬಾಡಿಗಿ_ಮನಿ
ಎಲ್ಲಾರೂ "ಗಲ್ಲಿಯವರು" ಅಂತೀರಿ. ಗಲ್ಲಿಯವರು ಅಂದ್ರ ಯಾರು? ನಾವು ಹೊಸೂರ ಕಡೆ ಬಾಡಿಗಿ ಮನ್ಯಾಗ ಇದ್ದೀವಿ. ಮಾಲಕರು ಕೆಳಗ, ನಾವು ಮ್ಯಾಲೆ. ಅವರವು ಎರಡು ಕಾರು, ಒಂದು ಬುಲೆಟ್, ಎರಡು ಸ್ಕೂಟಿ. ನಮ್ಮದು ಒಂದ ಸ್ಕೂಟಿ, ಅದನ್ನೂ ಒಳಗ ಹಚ್ಚಾಕ ಬಿಡೂದಿಲ್ಲ. ಪರ್ಮಿಟ್‌ಗೆ ಮನಿ ಉತಾರ ತರ್ರಿ, ಟ್ಯಾಕ್ಸ್ ಪಾವತಿ ತರ್ರಿ ಅಂದ್ರ ನಾವು ಎಲ್ಲಿಂದ ತರೂದು? ನಾಳೆ ಮಾಲಕರ ಎರಡು ಕಾರಿಗೂ ಸ್ಟಿಕ್ಕರ್ ಬಂತು, ನಮಗ ಇಲ್ಲ ಅಂದ್ರ ಇರೂ ಅನ್ಯಾಯಕ್ಕ ಸಿಕ್ಕಾ ಹೊಡದಂಗ ಆಗ್ತದ.

ಶಹಾಪುರ_ಗಲ್ಲಿ
ಅಕ್ಕಾರ, ಈ ಮಾತು ಅರ್ಜಿಯೊಳಗ ಬರಬೇಕು. ನಮ್ಮ ಗಲ್ಲಿಯೊಳಗೂ ಬಾಡಿಗಿ ಮಂದಿ ಭಾಳ. ಹೆಸ್ಕಾಂ ಬಿಲ್ಲು ಇಲ್ಲಾ ಬಾಡಿಗಿ ಕರಾರ ಪತ್ರ, ಎರಡರಾಗ ಒಂದು ಇದ್ರ ಸಾಕು ಅಂತ ಹಾಕೂಣೇನು?

ಬಾಡಿಗಿ_ಮನಿ
ಹೆಸ್ಕಾಂ ಮೀಟರ್ ಮಾಲಕರ ಹೆಸರಿಲೇ ಇರ್ತದ. ಕರಾರ ಪತ್ರನ ಹಿಡೀರಿ.

ಕೆಎ22_ಸವಾರ
ಆರ್‌ಸಿ ಮ್ಯಾಲಿನ ವಿಳಾಸ ಯಾಕ ಬ್ಯಾಡ? ಅದ ಎಲ್ಲಕ್ಕಿಂತ ಸರಳ.

ಬಾಡಿಗಿ_ಮನಿ
ಬೈಲಹೊಂಗಲದಾಗ ತಗೊಂಡ ಗಾಡಿ, ಕೆಎ24. ವಿಳಾಸ ನಮ್ಮ ಊರಿದು. ನೌಕರಿ ಸಲುವಾಗಿ ಮನಿ ಬದಲಿ ಮಾಡೂ ಮಂದಿ ಪ್ರತಿ ಸಲ ಆರ್‌ಸಿ ತಿದ್ದಿಸಿಕೋತ ಕುಂದ್ರೂದಾಗ್ತದೇನು?

ಕೆಎ22_ಸವಾರ
ಹಂಗಾದ್ರ ಎಂಎಚ್ ಪಾಟಿ ಗಾಡಿಗೋಳ ಕತಿ ಏನು? ನಮ್ಮ ಗಲ್ಲಿಯೊಳಗ ಎಂಎಚ್‌09 ಹಚ್ಚಿಕೊಂಡು ವರ್ಷಾನುಗಟ್ಟಲೆ ಇಲ್ಲೇ ಓಡ್ಯಾಡೂ ಮಂದಿ ಅದಾರ. ಗೋವಾದ ಜಿಎ ಗಾಡಿನೂ ಅದಾವ. ರೋಡ್ ಟ್ಯಾಕ್ಸ್ ಅಲ್ಲಿ, ಪಾರ್ಕಿಂಗ್ ಇಲ್ಲಿ.

ಕೋರ್ಟ್_ಆವರಣ
ಬೇರೆ ರಾಜ್ಯದ ನೋಂದಣಿ ಇರುವ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿನ ನಂಬರ್ ಹಾಕಿಸಬೇಕು, ಅದು 47ನೇ ಕಲಂ. ಪರ್ಮಿಟ್ ನಿಯಮದಲ್ಲಿ ಅಷ್ಟನ್ನೇ ಬರೆದರೆ ಸಾಕು: ಇಲ್ಲಿ ವಾಸ ಮಾಡುವ ಹೊರ ರಾಜ್ಯದ ಗಾಡಿಗೆ ಒಂದು ವರ್ಷದ ಪರ್ಮಿಟ್, ನವೀಕರಣ ಬೇಕಾದರೆ ಕೆಎ ನಂಬರ್. ಗಡಿಯ ಊರು ಇದು, ನೌಕರಿಗೆ ಬಂದವರನ್ನು ಮೊದಲ ದಿನವೇ ಹೊರಗೆ ನಿಲ್ಲಿಸುವುದು ಸರಿಯಲ್ಲ.

ಟೇಪು_ಹಿಡದಾಂವ
ಎಲ್ಲಾರೂ ಕಾಗದದ ಮಾತು ಆಡಾಕತ್ತೀರಿ. ಜಾಗಾ ಎಷ್ಟೈತಿ ಅಂತ ಒಬ್ಬರೂ ಕೇಳವಲ್ರಿ. ನಾ ಸಿವಿಲ್ ಕೆಲಸದಾಂವ, ಲೆಕ್ಕ ಇಡ್ತೀನಿ, ತಪ್ಪಿದ್ರ ತಿದ್ರಿ.

ಗಲ್ಲಿ ಅಗಲ 20 ಅಡಿ ಅಂತ ಹಿಡೀರಿ, ಅಂದ್ರ 6 ಮೀಟರ್ ಚಿಲ್ಲರೆ. ಸಣ್ಣ ಕಾರು ಕನ್ನಡಿ ಸಹಿತ ಹತ್ತಿರ ಹತ್ತಿರ 1.9 ಮೀಟರ್. ಎರಡೂ ಬಾಜೂ ನಿಲ್ಲಿಸಿದ್ರ 3.8 ಹೋತು, ನಡುವ ಉಳಿಯೂದು 2.3. ಅಗ್ನಿಶಾಮಕ ಗಾಡಿ ಅಗಲ ಸುಮಾರು ಎರಡೂವರಿ ಮೀಟರ್. ಬರೂದಿಲ್ಲ. ಎರಡೂ ಬಾಜೂ ಗಟಾರ, ಮನಿ ಮುಂದಿನ ಕಟ್ಟಿ, ಮೆಟ್ಟಲ ಇದರಾಗ ಹಿಡದಿಲ್ಲ, ಅವನ್ನೂ ಹಿಡದ್ರ ಆಂಬುಲನ್ಸೂ ಸಿಗಬೀಳ್ತದ. ಒಂದ ಬಾಜೂ ನಿಲ್ಲಿಸಿದ್ರ 4 ಮೀಟರ್ ಮ್ಯಾಲೆ ಉಳೀತದ, ಎಲ್ಲಾ ಬರ್ತಾವ. ಹಿಂಗಾಗಿ 20 ಅಡಿ ಗಲ್ಲಿಯೊಳಗ ಎರಡೂ ಬಾಜೂ ಪಾರ್ಕಿಂಗ್ ಅನ್ನೂ ಪ್ರಶ್ನಾನ ಇಲ್ಲ, ರಹವಾಸಿ ಇರ್ಲಿ, ಗಿರಾಕಿ ಇರ್ಲಿ.

ಈಗ ಉದ್ದ. 100 ಮೀಟರ್ ಗಲ್ಲಿ, ಒಂದ ಬಾಜೂ. ಒಂದು ಕಾರಿಗೆ ತಗದು ಹಚ್ಚಾಕ ಐದೂವರಿ ಮೀಟರ್ ಬೇಕು. ಹದಿನೆಂಟು ಕಾರು ಅನಿಸ್ತದ. ಅದರಾಗ ಮೂಲಿ ಬಿಡಬೇಕು, ಬಾಗಲಾ ಬಿಡಬೇಕು, ಟ್ರಾನ್ಸ್‌ಫಾರ್ಮರ್ ಬಿಡಬೇಕು, ಬೋರಿನ ಕೈಪಂಪು ಬಿಡಬೇಕು. ಶಹಾಪುರದ ಹಳೇ ಮನಿ ಮುಂಭಾಗ ಹದಿನೈದು ಹದಿನೆಂಟು ಅಡಿ, ಹಿಂದಕ್ಕ ಉದ್ದ. ಅಂದ್ರ ಒಂದು ಕಾರು ನಿಂತ್ರ ಒಂದು ಮನಿ ಮುಚ್ಚಿತು. ಬಾಗಲಾ ಬಿಟ್ಟು ನಿಲ್ಲಿಸಿದ್ರ ಹತ್ತು ಕಾರು ಹಿಡದ್ರ ಭಾಳ ಆತು.

ಗಲ್ಲಿಯೊಳಗ ನಲವತ್ತು ಮನಿ, ಇಪ್ಪತ್ತೈದು ಕಾರು ಇದ್ರ ಇಪ್ಪತ್ತೈದು ಪರ್ಮಿಟ್ ಕೊಡ್ತೀರೇನು? ಕೊಟ್ರ ಹದಿನೈದು ಮಂದಿ ರೊಕ್ಕ ಕೊಟ್ಟು ಜಾಗಾ ಸಿಗದ ಜಗಳಾಡ್ತಾರ. ಸ್ಯಾನ್ ಫ್ರಾನ್ಸಿಸ್ಕೋದಾಗ ಹಿಂಗ ಆಗೇತಿ, ಜಾಗಾಕ್ಕಿಂತ ಪರ್ಮಿಟ್ ಹೆಚ್ಚು. ಮೊದಲ ಗೆರಿ ಹೊಡೀರಿ, ಎಷ್ಟು ಚೌಕ ಬಂತೋ ಅಷ್ಟ ಪರ್ಮಿಟ್. ಅರ್ಜಿಯೊಳಗ ಎಲ್ಲಕ್ಕಿಂತ ಮ್ಯಾಲೆ ಇದು ಇರಬೇಕು.

ಕಪಿಲೇಶ್ವರ_ಬ್ರಿಜ್
ಇದನ್ನ ಓದಿದ ಮ್ಯಾಲೆ ನಮ್ಮ ಗಲ್ಲಿ ನೆನಸಿಕೊಂಡು ಹೆದರಿಕಿ ಬಂತು. ನಮ್ಮದು 20 ಅಡಿನೂ ಇಲ್ಲ.

ನಿವೃತ್ತ_ಮಾಸ್ತರ
ಟೇಪು ಹಿಡಿದವರ ಲೆಕ್ಕ ನೆಟ್ಟಗೈತಿ. ಇವು ಕಾರಿಗಾಗಿ ಮಾಡಿದ ಗಲ್ಲಿ ಅಲ್ಲ. ಶಹಾಪುರ ಬೆಳಗಾವಿಯ ಭಾಗ ಆದದ್ದು ಆಮ್ಯಾಲೆ. ಮೊದಲ ಅದು ಸಾಂಗ್ಲಿ ಸಂಸ್ಥಾನಕ್ಕ ಸೇರಿದ ಬ್ಯಾರೆ ಪೇಟಿ, ನೇಕಾರರು, ಸರಾಫರು, ವ್ಯಾಪಾರಸ್ಥರು ಇದ್ದ ಊರು. ನಾವು ಸಣ್ಣವರಿದ್ದಾಗ ಗಲ್ಲಿಯೊಳಗ ಬರೂದು ಚಕ್ಕಡಿ ಮತ್ತ ಟಾಂಗಾ. ಬ್ಯಾಸಿಗಿ ರಾತ್ರಿ ಗಲ್ಲಿಯೊಳಗ ಹೊರಸು ಹಾಕಿ ಮಲಗತಿದ್ವಿ. ಹೊರಸು ತಗೀರಿ, ದಾರಿ ಬಿಡ್ರಿ ಅಂತ ಯಾರಿಗೂ ಹೇಳೂ ಪ್ರಸಂಗ ಬರತಿರಲಿಲ್ಲ.

ಪರ್ಮಿಟ್ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಕಾರು ಇಲ್ಲದ ಮನಿ ಲೆಕ್ಕಕ್ಕ ಬರಬೇಕು. ನಮ್ಮ ಗಲ್ಲಿಯೊಳಗ ಕಾರು ಇರೂವಕ್ಕಿಂತ ಇಲ್ಲದ ಮನಿ ಹೆಚ್ಚು. ಅವರಿಗೆ ಬೇಕಾದ್ದು ನಡಿಯಾಕ ಜಾಗಾ, ಕಟ್ಟಿ ಮ್ಯಾಲೆ ಕುಂದ್ರಾಕ ಜಾಗಾ, ಹೆಣ ಒಯ್ಯಾಕ ಜಾಗಾ. ಹೋದ ವರ್ಷ ನಮ್ಮ ಮಗ್ಗಲ ಮನಿ ಹಿರಿಯರು ತೀರಿಕೊಂಡಾಗ ಹೆಗಲು ಕೊಟ್ಟವರು ಕಾರಿನ ನಡುವ ಬಾಜೂ ಆಗಿ ನಡದ್ರು. ನಾ ಕಣ್ಣಾರೆ ಕಂಡೀನಿ. ಕಾರಿದ್ದವರು ಕಾರಿದ್ದವರ ಸಲುವಾಗಿ ಅರ್ಜಿ ಬರದ್ರ ಇದು ಯಾವುದೂ ಬರೂದಿಲ್ಲ.

ಶಹಾಪುರ_ಗಲ್ಲಿ
ಮಾಸ್ತರ, ನಮ್ಮ ಮನ್ಯಾಗೂ ಕಾರಿಲ್ಲ. ನಾ ಕೇಳೂದು ದಾರಿ. ಪರ್ಮಿಟ್ ಬಂದ್ರ ಕಾರು ಕಡಿಮಿ ಆಗ್ತಾವ, ಆಟೋ ಬಾಗಲಾತನಕ ಬರ್ತದ ಅನ್ನೂ ಆಶಾಕ್ಕ ಶುರು ಮಾಡೀನಿ.

ವರ್ಜೀನಿಯಾ_ವಡಗಾವಿ
ನಾ ಅಮೆರಿಕಾದ ವರ್ಜೀನಿಯಾದಾಗ ಇರ್ತೀನಿ, ಹುಟ್ಟಿದ್ದು ವಡಗಾವಿ. ಹೊರಗಿನವರನ್ನ ತಡಿಯೂದು ಕಾನೂನಿನ ಪ್ರಕಾರ ನಡೀತದೋ ಇಲ್ಲೋ ಅನ್ನೂ ಜಗಳ ಇಲ್ಲಿ ಯಾವಾಗೋ ಆಗಿ ಮುಗದದ. ನಮ್ಮ ಬಾಜೂದ ಆರ್ಲಿಂಗ್ಟನ್ ಕೌಂಟಿಯೊಳಗ ಆಫೀಸಿಗೆ ಬರೂ ಮಂದಿ ಮನಿಗೋಳ ಮುಂದ ಕಾರು ಹಚ್ಚಿ ಹೋಗತಿದ್ರು. ಕೌಂಟಿ ರಹವಾಸಿಗಳಿಗೆ ಪರ್ಮಿಟ್ ಕೊಟ್ಟು ಉಳಿದವರನ್ನ ಹಗಲಿ ಹೊತ್ತು ತಡೀತು. ಆಫೀಸ್ ಮಂದಿ ಕೋರ್ಟಿಗೆ ಹೋದ್ರು, ಸಮಾನತೆಗೆ ವಿರುದ್ಧ ಅಂತ. 1977ರಾಗ ಅಮೆರಿಕಾದ ಸುಪ್ರೀಂ ಕೋರ್ಟ್ ಕೌಂಟಿ ಕಡೆ ಹೇಳಿತು. ಓಣ್ಯಾಗಿನ ಗದ್ದಲ, ಹೊಗಿ, ಗಾಡಿ ದಟ್ಟಣಿ ಕಡಿಮಿ ಮಾಡಾಕ ರಹವಾಸಿ ಬ್ಯಾರೆ, ಹೊರಗಿನವ ಬ್ಯಾರೆ ಅಂತ ಹಿಡಿಯೂದು ತಪ್ಪಲ್ಲ ಅಂತ.

ನಮ್ಮಲ್ಲಿ ಬೀಗರು ಬಂದ್ರ ಏನು ಅಂತ ಯಾರರ ಕೇಳ್ತೀರಿ, ಅದಕ್ಕ ಮೊದಲ ಹೇಳ್ತೀನಿ: ಲಂಡನ್ನಿನ್ಯಾಗ ಮನಿಯವರು ಬಂದವರ ಸಲುವಾಗಿ ತಾಸಿನ ಲೆಕ್ಕದ ಚೀಟಿ ತಗೋತಾರ. ಬಂದವರ ಕಾರಿಗೆ ಆ ಚೀಟಿ.

ಟಿಳಕವಾಡಿ_ವೈನಿ
ಚೀಟಿ ಮಾಡಿದ್ರ ಸೀಮಂತ (ಕುಬಸ) ಮಾಡೂ ಮನ್ಯಾಗ ನಲವತ್ತು ಕಾರಿಗೆ ಚೀಟಿ ಕೇಳ್ತಾರ. ವರ್ಷಕ್ಕ ಒಂದು ಮನಿಗೆ ಇಷ್ಟ ಅಂತ ಮಿತಿ ಬೇಕು. ಲಗ್ನ, ಮುಂಜಿವಿ ಇದ್ರ ಮಂಗಲ ಕಾರ್ಯಾಲಯಕ್ಕ ಹೋಗ್ಲಿ. ಸೂತಕದ ಮನಿಗೆ ಮಾತ್ರ ಲೆಕ್ಕ ಇಡಬ್ಯಾಡ್ರಿ, ಆ ಹದಿಮೂರು ದಿವಸ ಯಾರೂ ಯಾರಿಗೂ ಏನೂ ಕೇಳಬಾರದು.

ನಾಗೋಯಾ_ಕನ್ನಡಿಗ
ಜಪಾನಿನಲ್ಲಿ ಈ ತೊಂದರೆಯನ್ನು ಬೇರಿನಲ್ಲೇ ಹಿಡಿದಿದ್ದಾರೆ. 1962ರ ಕಾನೂನು. ಕಾರು ತಗೊಳ್ಳುವವನು ತನಗೆ ನಿಲ್ಲಿಸಲು ಜಾಗ ಇದೆ ಅಂತ ತೋರಿಸಬೇಕು, ಮನೆಯಿಂದ 2 ಕಿಲೋಮೀಟರ್ ಒಳಗೆ. ಜಾಗದ ನಕಾಶೆ ಬರೆದು ಪೊಲೀಸ್ ಠಾಣೆಗೆ ಕೊಡಬೇಕು, ಅವರು ಒಪ್ಪಿ ಪತ್ರ ಕೊಟ್ಟರೆ ನೋಂದಣಿ. ರಾತ್ರಿಯಿಡೀ ರಸ್ತೆಯಲ್ಲಿ ಕಾರು ಬಿಡುವುದೇ ಅಪರಾಧ. ಇಲ್ಲಿಯ ಓಣಿಗಳು ಶಹಾಪುರದ ಗಲ್ಲಿಗಿಂತ ಅಗಲವೇನಲ್ಲ, ಆದರೂ ಸಣ್ಣ ಮಕ್ಕಳು ಒಬ್ಬರೇ ನಡೆದು ಶಾಲೆಗೆ ಹೋಗುತ್ತಾರೆ.

ಪುಣೆ_ರಿಟರ್ನ್
ಮಹಾರಾಷ್ಟ್ರದಾಗೂ ಇದನ್ನ ತರ್ತೀವಿ ಅಂತ ಸಾರಿಗೆ ಮಂತ್ರಿ ಪ್ರತಾಪ ಸರನಾಯಿಕ 2025ರ ಮೇ ತಿಂಗಳದಾಗ ಹೇಳಿದ್ರು, ಪಾರ್ಕಿಂಗ್ ಜಾಗಾ ಇಲ್ಲದವರಿಗೆ ಹೊಸ ಕಾರಿನ ನೋಂದಣಿ ಇಲ್ಲ ಅಂತ. ನನಗ ಅದರ ಮ್ಯಾಲೆ ಭರವಸಾ ಇಲ್ಲ. ಅಣ್ಣನ ಜಾಗಾ ತೋರಿಸಿ ತಮ್ಮ ಕಾರು ತಗೋತಾನ.

ಪುಣೆಯೊಳಗ ನಡಿಯೂ ಒಂದು ಪದ್ಧತಿ ಹೇಳ್ತೀನಿ, ಖರ್ಚಿಲ್ಲದ್ದು. ಪಿ1, ಪಿ2 ಅಂತ ಬೋರ್ಡ್. ಬೆಸ ತಾರೀಖಿಗೆ ಒಂದು ಬಾಜೂ, ಸಮ ತಾರೀಖಿಗೆ ಇನ್ನೊಂದು ಬಾಜೂ. ಯಾರ ಮನಿ ಮುಂದೂ ದಿನಾ ಕಾರು ನಿಲ್ಲೂದಿಲ್ಲ. ಮತ್ತ ಕವರ್ ಹೊದ್ದ ದುಬೈ ಕಾರಿಗೂ ಇದ ಔಷಧ, ದಿನಾ ಬಾಜೂ ಬದಲಿ ಮಾಡಬೇಕಲ್ಲ!

ವಡಗಾವಿ_ನೇಕಾರ
ಇದು ಬೇಕ ಬೇಕು!

ಕ್ಯಾಂಪ್_ಹುಡುಗಿ
ಕ್ಯಾಂಪಿನ್ಯಾಗೂ ಹಿಂಗ ಮಾಡಿಸ್ರಿ ಪ್ಲೀಸ್. ನಿಮ್ಮ ಅರ್ಜಿಯೊಳಗ ನಮ್ಮನ್ನೂ ಸೇರಿಸಿಕೊಳ್ರಿ.

ಕೋರ್ಟ್_ಆವರಣ
ಕ್ಯಾಂಪ್ ಕಂಟೋನ್ಮೆಂಟ್ ಬೋರ್ಡಿನ ವ್ಯಾಪ್ತಿ. ಪಾಲಿಕೆಗೆ ಕೊಟ್ಟ ಅರ್ಜಿ ಅಲ್ಲಿಗೆ ಮುಟ್ಟುವುದಿಲ್ಲ. ನೀವು ಬೋರ್ಡಿಗೆ ಬೇರೆ ಬರೆಯಿರಿ.

ಮಂಡಳ_ಕಾರ್ಯಕರ್ತ
ಗಣಪತಿ ಹಬ್ಬದಾಗ ಏನು ಮಾಡ್ತೀರಿ? ಗಲ್ಲಿಯೊಳಗ ಮಂಟಪ ಹಾಕಿದ್ರ ಹನ್ನೊಂದು ದಿವಸ ಚೌಕಾನೂ ಇಲ್ಲ, ಗೆರಿನೂ ಇಲ್ಲ. "ನಾವು ರೊಕ್ಕ ಕೊಟ್ಟೀವಿ, ಮಂಟಪ ತಗೀರಿ" ಅಂತ ಯಾರರ ಅಂದ್ರ ಕೆಲಸ ಕೆಡ್ತದ. ಟಿಳಕರು 1905ರಾಗ ನಮ್ಮ ಬೆಳಗಾವಿಯ ಝೇಂಡಾ ಚೌಕದಾಗ ಶುರು ಮಾಡಿದ ಹಬ್ಬ ಇದು, ಪಾರ್ಕಿಂಗ್ ಸಲುವಾಗಿ ಬಿಡೂ ಪೈಕಿ ನಾವಲ್ಲ.

ಟಿಳಕವಾಡಿ_ವೈನಿ
ಯಾರೂ ಬಿಡ್ರಿ ಅಂದಿಲ್ಲಪಾ. ಮಂಟಪದ ಬಾಜೂಕ ಆಂಬುಲನ್ಸ್ ಹೋಗೂ ದಾರಿ ಬಿಡ್ರಿ ಅಂತಾರ ಅಷ್ಟ.

ಮಂಡಳ_ಕಾರ್ಯಕರ್ತ
ನಮ್ಮ ಮಂಡಳ ಬಿಡ್ತದ ವೈನಿ. ರಾತ್ರಿ ಎರಡಕ್ಕ ಬಸುರಿ ಹೆಣಮಗಳನ್ನ ಕರಕೊಂಡು ಹೋಗೂ ಗಾಡಿಗೆ ನಮ್ಮ ಹುಡುಗೂರ ಕಂಬಾ ಎತ್ತಿ ದಾರಿ ಮಾಡಿ ಕೊಟ್ಟಾರ. ಪರ್ಮಿಟ್ ನಿಯಮದಾಗ ಹಬ್ಬದ ದಿವಸಕ್ಕ ಸವಲತ್ತು ಅಂತ ಒಂದು ಸಾಲು ಮೊದಲ ಬರದಿಟ್ರ ಜಗಳಾನ ಬರೂದಿಲ್ಲ. ಹಬ್ಬದಾಗ ಪರ್ಮಿಟ್ ಕಾರಿಗೆ ಶಾಲಿ ಮೈದಾನ ಕೇಳ್ರಿ, ನಾವೂ ಸಹಿ ಹಾಕ್ತೀವಿ.

ಸೀರಿ_ಅಂಗಡಿ
ನಾ ಯೋಚನಾ ಮಾಡಿ ಮತ್ತ ಬರದೀನಿ. ಟೇಪು ಹಿಡದವರು ಹೇಳಿದಂಗ ಒಂದ ಬಾಜೂ ಅಂದ್ರ ನನ್ನ ಒಪ್ಪಿಗಿ ಐತಿ. ಆದ್ರ ಆ ಹತ್ತು ಚೌಕ ಇಡೀ ದಿವಸ ರಹವಾಸಿಗಳಿಗೆ ಯಾಕ? ಗಲ್ಲಿಯೊಳಗಿನ ನೌಕರಿ ಮಂದಿ ಮುಂಜಾನಿ ಒಂಬತ್ತಕ್ಕ ಕಾರು ತಗೊಂಡು ಹೋಗ್ತಾರ, ಸಂಜಿಕ ಏಳಕ್ಕ ಬರ್ತಾರ. ಆ ಹೊತ್ತಿನ್ಯಾಗ ಜಾಗಾ ಖಾಲಿ. ಅವಾಗ ಗಿರಾಕಿ ನಿಲ್ಲಿಸ್ಲಿ, ತಾಸಿಗೆ ಇಷ್ಟು ಅಂತ ರೊಕ್ಕ ಕೊಡ್ಲಿ, ಎರಡು ತಾಸಿಗಿಂತ ಹೆಚ್ಚಿಗೆ ನಿಲ್ಲಬಾರದು. ಸಂಜಿ ಏಳರಿಂದ ಮುಂಜಾನಿ ಒಂಬತ್ತರ ತನಕ ಬರೇ ಪರ್ಮಿಟ್. ಬಂದ ರೊಕ್ಕದಾಗ ಅದ ಗಲ್ಲಿ ಗಟಾರ, ದೀಪ ಮಾಡ್ಲಿ.

ಟೇಪು_ಹಿಡದಾಂವ
ಬಂದ ರೊಕ್ಕ ಅದ ಓಣಿಗೆ ಖರ್ಚು ಮಾಡ್ರಿ ಅನ್ನೂದನ್ನ ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಇಡೀ ಆಯುಷ್ಯ ಹೇಳಿದ್ರು. ರೊಕ್ಕ ದೊಡ್ಡ ಖಜಾನಿಗೆ ಹೋದ್ರ ಯಾರೂ ಒಪ್ಪೂದಿಲ್ಲ, ಕಣ್ಣ ಮುಂದಿನ ಫರಸಿ ಕಲ್ಲು ಹೊಸಾದಾದ್ರ ಒಪ್ತಾರ. ನಿಮ್ಮ ಮಾತಿನ್ಯಾಗ ಒಂದ ಕೂಡಿಸ್ತೀನಿ: ಹತ್ತರಾಗ ಎರಡು ಚೌಕ ಇಡೀ ದಿವಸ ಖಾಲಿ ಇರಬೇಕು, ರೋಗಿ ಇಳಿಸಾಕ, ಸಾಮಾನು ಇಳಿಸಾಕ, ಹದಿನೈದು ನಿಮಿಷ ಅಷ್ಟ.

ಬಾಡಿಗಿ_ಮನಿ
ನೌಕರಿಯವರು ಹೋಗ್ತಾರ ಅನ್ನೂದು ಖರೇ, ಆದ್ರ ರಾತ್ರಿ ಪಾಳಿ ನರ್ಸುಗಳು, ಫೌಂಡ್ರಿಯವರು? ಉದ್ಯಮಬಾಗದಾಗ ಮೂರು ಪಾಳಿ ನಡೀತಾವ. ನಮ್ಮ ಮನಿಯವರು ಮುಂಜಾನಿ ಬಂದು ಮಲಗೂ ಹೊತ್ತಿಗೆ ಗಿರಾಕಿ ಕಾಲ ಶುರು.

ಸೀರಿ_ಅಂಗಡಿ
ಪಾಳಿಯವರಿಗೆ ಹಗಲಿ ಪರ್ಮಿಟ್ ಬ್ಯಾರೆ ಕೊಡ್ಲಿ ತಂಗಿ. ಕಂಪನಿ ಗುರುತಿನ ಚೀಟಿ ತೋರಿಸಿದ್ರ ಆತು.

ಕೆಎ22_ಸವಾರ
ಬಾಪಟ ಗಲ್ಲಿ ಪಾರ್ಕಿಂಗ್‌ದಾಗ ಹಚ್ಚಿ ನಡಕೊಂಡು ಬರ್ರಿ ಅಂದ್ರ ಗಿರಾಕಿ ಯಾಕ ಬರೂದಿಲ್ಲ?

ಸೀರಿ_ಅಂಗಡಿ
ಬಾಪಟ ಗಲ್ಲಿಯಿಂದ ಶಹಾಪುರಕ್ಕ ಸೀರಿ ಗಂಟು ಹೊತ್ತುಕೊಂಡು ನಡದು ನೋಡ್ರಿ ಒಮ್ಮೆ. ಅದು ಗಣಪತ ಗಲ್ಲಿ, ಮಾರುತಿ ಗಲ್ಲಿ ಬಜಾರಕ್ಕ ಸರಿ.

ಪುಣೆ_ರಿಟರ್ನ್
ರೊಕ್ಕ ಎಷ್ಟು ಇಡ್ತೀರಿ? ವರ್ಷಕ್ಕ ಸಾವಿರ ಅಂದ್ರ ದಿವಸಕ್ಕ ಮೂರು ರೂಪಾಯಿನೂ ಆಗೂದಿಲ್ಲ. ಕಾರು ನಿಲ್ಲೂ ಚೌಕ 130 ಚದರ ಅಡಿ ಮ್ಯಾಲೆ ಆಗ್ತದ. ಅಷ್ಟ ದೊಡ್ಡ ಖೋಲಿ ಶಹಾಪುರದಾಗ ಬಾಡಿಗಿಗೆ ಹಿಡೀರಿ ನೋಡೂಣು. ಒಂದು ಮನಿಗೆ ಮೊದಲನೇ ಕಾರಿಗೆ ಕಡಿಮಿ, ಎರಡನೇದಕ್ಕ ನಾಲ್ಕು ಪಟ್ಟು, ಮೂರನೇದಕ್ಕ ಇಲ್ಲವೇ ಇಲ್ಲ.

ಕೆಎ22_ಸವಾರ
ನಮ್ಮದು ಕೂಡು ಕುಟುಂಬ, ಮೂವರು ಅಣ್ಣತಮ್ಮಂದ್ರು, ಮೂರು ಕಾರು. ಒಂದ ಮನಿ ನಂಬರ್. ಕೂಡಿ ಇದ್ದವರಿಗೆ ದಂಡ, ಬ್ಯಾರೆ ಆದವರಿಗೆ ಸವಲತ್ತು ಅಂದ್ರ ಯಾವ ನ್ಯಾಯ?

ನಿವೃತ್ತ_ಮಾಸ್ತರ
ಹತ್ತು ಚೌಕದಾಗ ಮೂರು ನಿಮ್ಮ ಮನಿಗೆ ಹೋದ್ರ ಉಳಿದ ಮೂವತ್ತೊಂಬತ್ತು ಮನಿಗೆ ಏಳು. ಅದನ್ನೂ ಹೇಳು ತಮ್ಮಾ, ಯಾವ ನ್ಯಾಯ?

ಕೆಎ22_ಸವಾರ
ಹಂಗಾದ್ರ ಚೀಟಿ ಎತ್ತೂಣು. ವರ್ಷಾ ವರ್ಷಾ. ಹೋದ ವರ್ಷ ಸಿಕ್ಕವರಿಗೆ ಈ ವರ್ಷ ಕಡೀಕ ಪಾಳಿ. ಅದಕ್ಕ ನಾ ತಯಾರ್ ಅದೀನಿ.

ಬೆಂಗಳೂರಾಗ_ಇರಾಂವ
ದಿಲ್ಲಿಯೊಳಗ 2019ರ ಪಾರ್ಕಿಂಗ್ ನಿಯಮ ಬಂದಾಗ ಲಾಜಪತ ನಗರದಾಗ ಮೊದಲ ಒಂದ ಬಡಾವಣಿ ಹಿಡದು ಪ್ರಯೋಗ ಮಾಡಿದ್ರು. ಅಲ್ಲಿ ಮೊದಲ ಮಾಡಿದ್ದು ಅಳತಿ, ಆಮ್ಯಾಲೆ ಒಂದ ದಿಕ್ಕಿನ ಸಂಚಾರ, ಗೆರಿ. ನೀವೂ ಇಡೀ ಶಹಾಪುರ ಕೇಳಬ್ಯಾಡ್ರಿ. ಬಜಾರಕ್ಕ ಹತ್ತಿದ ಎರಡು ಗಲ್ಲಿ, ಆರು ತಿಂಗಳು ಅಂತ ಕೇಳ್ರಿ. ಸಣ್ಣದಕ್ಕ ಹೂಂ ಅನ್ನೂದು ಆಫೀಸರಿಗೂ ಸರಳ.

ಶಹಾಪುರ_ಗಲ್ಲಿ
ಎಲ್ಲಾರಿಗೂ ಉಪಕಾರ ಆತು. ಇದನ್ನೆಲ್ಲಾ ಕೂಡಿಸಿ ಅರ್ಜಿ ಹಿಂಗ ಬರೀತೀನಿ. ಎರಡು ಗಲ್ಲಿ, ಆರು ತಿಂಗಳು ಪ್ರಯೋಗ. ಮೊದಲ ಪಾಲಿಕೆಯವರು ಅಳದು ಒಂದ ಬಾಜೂ ಚೌಕ ಹೊಡೀಬೇಕು, ಬಾಜೂ ಸಮ-ಬೆಸ ತಾರೀಖಿನ ಪ್ರಕಾರ ಬದಲಿ. ಚೌಕ ಎಷ್ಟೋ ಪರ್ಮಿಟ್ ಅಷ್ಟ, ಹೆಚ್ಚಿಗೆ ಅರ್ಜಿ ಬಂದ್ರ ಚೀಟಿ. ಎರಡು ಚೌಕ ರೋಗಿ ಮತ್ತ ಸಾಮಾನಿನ ಸಲುವಾಗಿ ಖಾಲಿ. ಹಗಲಿ ಗಿರಾಕಿಗೆ ಎರಡು ತಾಸು ರೊಕ್ಕ ಕೊಟ್ಟು, ರಾತ್ರಿ ಪರ್ಮಿಟ್, ಪಾಳಿಯವರಿಗೆ ಹಗಲಿನದು ಬ್ಯಾರೆ. ಬಾಡಿಗಿಯವರಿಗೂ ಮಾಲಕರಿಗೂ ಒಂದ ಹಕ್ಕು. ಗಣಪತಿ ಹಬ್ಬದಾಗ ಮೈದಾನ. ಕಲ್ಲು, ಟೈರು, ಕುಂಡ ನಾವ ನಾವ ಮೊದಲ ತಗೀತೀವಿ ಅಂತ ಕೆಳಗ ಬರೀತೀನಿ, ಕೇಳೂ ಮುಂದ ನಮ್ಮ ಕೈ ಸ್ವಚ್ಛ ಇರ್ಲಿ.

ಟೇಪು ಹಿಡದವ್ರ, ರವಿವಾರ ಮುಂಜಾನಿ ಏಳಕ್ಕ ಬರಾಕ ಆಗ್ತದೇನ್ರಿ? ಅಂಗಡಿ ತೆರಿಯೂಕಿಂತ ಮೊದಲ ಅಳದು ನಕಾಶೆ ಅರ್ಜಿಗೆ ಲಗತ್ತಿಸಿದ್ರ ಚಲೋ.

ಟೇಪು_ಹಿಡದಾಂವ
ಬರ್ತೀನಿ. ಸುಣ್ಣದ ಪುಡಿ ನೀವು ತಂದಿಡ್ರಿ. ನೂರು ಅಡಿ ಟೇಪಿನ ಇನ್ನೊಂದು ತುದಿ ಹಿಡಿಯಾಕ ಒಬ್ಬ ಹುಡುಗ ಬೇಕು.

ಮಂಡಳ_ಕಾರ್ಯಕರ್ತ
ನಾಲ್ಕು ಮಂದಿ ಕಳಸ್ತೀನಿ.

ಬಾಡಿಗಿ_ಮನಿ
ಒಂದ ಉಳೀತು. ಬಾಡಿಗಿ ಕರಾರ ಪತ್ರ ಹನ್ನೊಂದು ತಿಂಗಳಿಂದು, ಪರ್ಮಿಟ್ ವರ್ಷದ್ದು. ಹನ್ನೆರಡನೇ ತಿಂಗಳದಾಗ ನಮ್ಮ ಗಾಡಿ ಹೊರಗಿನವರದು ಆಗ್ತದೇನು?

ಕೋರ್ಟ್_ಆವರಣ
"ಪರ್ಮಿಟ್ ಪಡೆಯುವ ದಿನ ಚಾಲ್ತಿಯಲ್ಲಿರುವ ಕರಾರು ಸಾಕು, ಮನೆ ಬಿಟ್ಟರೆ ಪರ್ಮಿಟ್ ರದ್ದು" ಅಂತ ಬರೆಯಿರಿ. ಅರ್ಜಿಯ ಕರಡು ನನಗೆ ಕಳಿಸಿ, ಸೋಮವಾರದೊಳಗೆ ನೋಡಿಕೊಡುತ್ತೇನೆ.